ಉಂಗುರ ಬೆರಳಿಗೆ ಮೂರು ಸುತ್ತು

ಸುವರ್ಣಮ್ಮ ಲೋಟ ಮುಟ್ಟಲಿಲ್ಲ.

ಮೈದುನ ಚನ್ನಬಸವರಾಜ ನೀರು ಹಿಡಿದುಕೊಂಡು ನಿಂತೇ ಇದ್ದ. ಅವರು ಕುರ್ಚಿಯಲ್ಲಿ ಹಿಂದಕ್ಕೆ ಸರಿದು ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದರು. ಬೇಸಿಗೆಯ ಬಳ್ಳಾರಿಯಲ್ಲಿ ಬೆಳಗಿನ ಹತ್ತೂವರೆಗೇ ಗಂಟಲು ಒಣಗಿ ಹೋಗಿರುತ್ತದೆ. ಆದರೂ ಆ ನೀರು ಅವರಿಗೆ ಬೇಡವಾಗಿತ್ತು.

"ನೀರಡಿಕಿ ಆಗಿಲ್ಲೇನ್ರಿ ಅಕ್ಕೋರ?" ಇನ್‌ಸ್ಪೆಕ್ಟರ್ ಅಮರೇಶ್ ಮೆಲ್ಲಗೆ ಕೇಳಿದ.

"ಆಗೇತಪ್ಪಾ. ಇವನ ಕೈಯಾಗಿಂದು ಬ್ಯಾಡ."

"ಯಾಕ್ರಿ?"

ಸುವರ್ಣಮ್ಮ ಯೋಚಿಸಿದರು. ಸಾಲೆಯಲ್ಲಿ ಮಕ್ಕಳು ಕಷ್ಟದ ಪ್ರಶ್ನೆ ಕೇಳಿದಾಗ ಯೋಚಿಸುತ್ತಿದ್ದರಲ್ಲ, ಹಾಗೇ ಹುಬ್ಬು ಕೂಡಿಸಿಕೊಂಡು. "ಗೊತ್ತಿಲ್ಲ. ಒಳ್ಳೆ ಮನಷ್ಯಾನ ಅದಾನ. ಆದ್ರ ಇವನ್ನ ನೋಡಿದ್ರ ನನ್ನ ಎದಿ ಡವಡವ ಅಂತೈತಿ."

ಎಂಟು ಗಂಟೆಗೆ ಮನೆಗೆಲಸದ ಹೊನ್ನೂರಮ್ಮ ಕೊಟ್ಟ ಚಹಾ ಕುಡಿದಿದ್ದರು. ಒಂಬತ್ತಕ್ಕೆ ಮಗಳು ಐಶ್ವರ್ಯ ಮಜ್ಜಿಗೆ ಕೊಟ್ಟಾಗ, ಉಪ್ಪು ಕಮ್ಮಿ ಎಂದು ಬೈದು ಪೂರ್ತಿ ಕುಡಿದಿದ್ದರು. ಮೂರನೆಯ ಕೈಗೆ ಮಾತ್ರ ಹೆದರಿದರು. ಮೂಲೆಯಲ್ಲಿ ಕೂತಿದ್ದ ನರರೋಗ ತಜ್ಞೆ ಡಾಕ್ಟರ್ ಅಂಜನಾ ಪುಸ್ತಕದಲ್ಲಿ ಏನೋ ಗೀಚಿಕೊಂಡರು. ಅಮರೇಶನಿಗೆ ಪೊಲೀಸರಿಗೆ ಮಾತ್ರ ಆಗುವಂಥ ಒಂದು ಖುಷಿ ಆಯಿತು. ಆದದ್ದಕ್ಕೆ ನಾಚಿಕೆಯೂ ಆಯಿತು.

ಎಂಬತ್ತು ದಿನಗಳ ಹಿಂದೆ ಸಿರುಗುಪ್ಪದ ಗದ್ದೆಯ ಪಂಪ್ ಮನೆಯಲ್ಲಿ ಗವಿಸಿದ್ದಪ್ಪ ತಲೆಗೆ ಸ್ಪ್ಯಾನರ್ ಏಟು ಬಿದ್ದು ಸತ್ತಿದ್ದ. ಪಕ್ಕದಲ್ಲೇ ತಲೆಗೆ ಪೆಟ್ಟಾಗಿ ಬಿದ್ದಿದ್ದ ಹೆಂಡತಿ ಸುವರ್ಣಮ್ಮ ಬದುಕಿಕೊಂಡರು, ನೆನಪು ಮಾತ್ರ ಅಲ್ಲೇ ಉಳಿಯಿತು.

"ಅಮರೇಶಾ," ಸುವರ್ಣಮ್ಮ ಈಗಷ್ಟೇ ನೋಡಿದವರ ಹಾಗೆ ಕರೆದರು. "ಯಾವಾಗ ಬಂದೆಲೇ? ಹದಿನೇಳರ ಮಗ್ಗಿ ಬಂತೇನು?"

ಬೆಳಗಿನಿಂದ ಇದು ಆರನೆಯ ಸಲ. ತಮ್ಮ ತವರೂರು ಕುರುಗೋಡಿನ ಸಾಲೆಯಲ್ಲಿ ಅವನಿಗೆ ಮೂರನೇ ಕ್ಲಾಸಿನ ಪಾಠ ಹೇಳಿದವರು ಈ ಅಕ್ಕೋರು. ಅವನ ಅಪ್ಪ ಊರಲ್ಲಿಲ್ಲದ ದಿನಗಳಲ್ಲಿ ತಮ್ಮ ಬುತ್ತಿಯ ರೊಟ್ಟಿ ಅರ್ಧ ಮುರಿದು ಕೊಟ್ಟವರು. ಮೂವತ್ತು ವರ್ಷದ ಹಿಂದಿನ ಆ ಹುಡುಗ ಅವರಿಗೆ ಚೆನ್ನಾಗಿ ನೆನಪಿದ್ದ. ಐದು ನಿಮಿಷದ ಹಿಂದಿನ ಇನ್‌ಸ್ಪೆಕ್ಟರ್ ನೆನಪಿರಲಿಲ್ಲ.

"ಬಂತ್ರೀ ಅಕ್ಕೋರ," ಎಂದ ಅಮರೇಶ್, ಆರನೆಯ ಸಲ.

"ಇವರು ಬಂದ್ರೇನು?" ಎಂದು ಅವರು ಮಗಳ ಕಡೆ ತಿರುಗಿದರು. ಇವರು ಎಂದರೆ ಗಂಡ.

"ಸಿರುಗುಪ್ಪಕ್ಕ ಹೋಗ್ಯಾರಮ್ಮ, ಸಂಜಿಗೆ ಬರ್ತಾರ," ಎಂದಳು ಐಶ್ವರ್ಯ. ತಡವರಿಸಲಿಲ್ಲ. ಆ ಮಾತು ಅವಳ ಬಾಯಲ್ಲಿ ಸವೆದು ಹೋಗಿತ್ತು. ಬೆನ್ನಿಗೇ, "ಅಮ್ಮಾ, ಇಲ್ಲಿ ನೋಡು, ಮಲ್ಲಿಗಿ ಎಷ್ಟು ಬಿಟ್ಟೈತಿ," ಎಂದು ಕಿಟಕಿ ತೋರಿಸಿದಳು. ಸುವರ್ಣಮ್ಮ ಹೂ ನೋಡಿದರು. ಗಂಡನ ಮಾತು ಹೂವಿನಲ್ಲಿ ಮುಳುಗಿತು.

ಸತ್ಯನಾರಾಯಣಪೇಟೆಯ ಮಗಳ ಈ ಬಾಡಿಗೆ ಮನೆಯಲ್ಲಿ ಎಲ್ಲರೂ ಸೇರಿ ಮಾಡಿಕೊಂಡ ಒಪ್ಪಂದ ಅದು. ಗಂಡ ಸತ್ತ ಸುದ್ದಿ ಅವರಿಗೆ ಹೇಳಿದರೆ ಹೊಸದಾಗಿ ಕೇಳಿದಂತೆ ಎದೆ ಬಡಿದುಕೊಂಡು ಅಳುತ್ತಾರೆ, ಹತ್ತು ನಿಮಿಷಕ್ಕೆ ಮರೆಯುತ್ತಾರೆ, ಮತ್ತೆ ಕೇಳುತ್ತಾರೆ. ದಿನಕ್ಕೆ ಇಪ್ಪತ್ತು ಸಲ ಒಬ್ಬ ಹೆಂಗಸನ್ನು ವಿಧವೆ ಮಾಡುವ ಎದೆ ಯಾರಿಗಿದೆ?

*

ಅಮರೇಶ್ ಡಾಕ್ಟರನ್ನು ಪಡಸಾಲೆಗೆ ಕರೆದುಕೊಂಡು ಬಂದ. ಹೆದರಿಕೆ ಸುಳ್ಳು ಹೇಳುತ್ತದೆಯೇ ಎಂದು ಕೇಳಿದ.

ಅಂಜನಾ ಬಳ್ಳಾರಿಯವರೇ, ದೊಡ್ಡ ಮಾತನ್ನು ಚಿಕ್ಕದು ಮಾಡಿ ಹೇಳುವುದು ಅವರಿಗೆ ಗೊತ್ತಿತ್ತು. ಮಿದುಳಿನೊಳಗೆ ಕಡಲಕುದುರೆಯ ಆಕಾರದ್ದೊಂದು ಭಾಗವಿದೆ, ಹೊಸ ಸಂಗತಿಯನ್ನು ಹಿಡಿದು ಒಳಗಿಡುವುದು ಅದರ ಕೆಲಸ ಎಂದರು. ಸುವರ್ಣಮ್ಮನವರಿಗೆ ಎರಡೂ ಕಡೆ ಅದೇ ಕೆಟ್ಟಿದೆ. ಅದರ ಮಗ್ಗುಲಿಗೆ ಬಾದಾಮಿಯಷ್ಟು ಗಾತ್ರದ ಇನ್ನೊಂದಿದೆ, ಹೆದರಿಕೆ ಅದರ ಪಾಲಿನದು, ಅದಕ್ಕೆ ಪೆಟ್ಟಾಗಿಲ್ಲ. ಏನು ನಡೆಯಿತು ಎನ್ನುವುದು ಅಳಿಸಿಹೋದರೂ, ಆಗ ಹೇಗನಿಸಿತು ಎನ್ನುವುದು ಕೂತುಬಿಡುತ್ತದೆ. ಕೈಗೆ ರೂಢಿಯಾದ ಕೆಲಸ ಉಳಿಯುವ ಜಾಗ ಮತ್ತೂ ಬೇರೆ. ಅದಕ್ಕೇ ಅವರು ಈಗಲೂ ಬೆಳಗ್ಗೆ ಎದ್ದು ಯಾರೂ ಹೇಳದೆ ಲಿಂಗಪೂಜೆ ಮಾಡುತ್ತಾರೆ, ಒಂದು ವಿಭೂತಿ ಗೆರೆಯೂ ತಪ್ಪುವುದಿಲ್ಲ.

"ಅವತ್ತಿಂದು ಯಾವಾಗಾದ್ರೂ ವಾಪಸ್ ಬರ್ತೈತೇನ್ರಿ?"

ಪೂರ್ತಿ ಬರುವುದಿಲ್ಲ, ಚೂರು ಬಂದರೂ ಬರಬಹುದು ಎಂದರು ಅಂಜನಾ. ಇಂಥ ಪೆಟ್ಟು ಬಿದ್ದವರು ಕೆಲವರು ಅರ್ಧ ಗಂಟೆ ಓಡಾಡಿ, ಮಾತಾಡಿ, ಆಮೇಲೆ ಕುಸಿಯುತ್ತಾರೆ. ಆ ಅರ್ಧ ಗಂಟೆ ಎಲ್ಲೋ ಒಂದಿಷ್ಟು ಅಂಟಿಕೊಂಡಿರುತ್ತದೆ. ಆದರೆ ಬರಬೇಕಾದರೆ ಗಮನ ಒಂದೇ ಕಡೆ ನಿಲ್ಲಬೇಕು. ಹೊರಡುವ ಮೊದಲು ಡಾಕ್ಟರ್ ಇನ್ನೊಂದು ಮಾತು ಹೇಳಿದರು. "ಒಂದು ಗಮನಿಸಿದ್ರಾ ಸರ್? ತಾಯಿ ಆ ದಿನದ ಹತ್ತಿರ ಬಂದಾಗೆಲ್ಲ ಮಗಳು ಮಲ್ಲಿಗೆ ತೋರಿಸ್ತಾಳೆ. ಪಾಪ, ನೋವಾಗಬಾರದು ಅಂತ ಇರಬೇಕು."

ಇರಬೇಕು ಎಂದುಕೊಂಡ ಅಮರೇಶ್. ಐಶ್ವರ್ಯ ಕಾಲೇಜಿನ ಕೆಲಸಕ್ಕೆ ರಜೆ ಹಾಕಿ ಎಂಬತ್ತು ದಿನದಿಂದ ತಾಯಿಯ ತಲೆ ಬಾಚುತ್ತಿದ್ದಳು. ಅವತ್ತು ಜ್ವರ ಬಂದು ಈ ಮನೆಯಲ್ಲೇ ಮಲಗಿದ್ದೆ ಎಂದು ಹೇಳಿಕೆ ಕೊಟ್ಟಿದ್ದಳು. ಅವಳ ಫೋನೂ ಬಳ್ಳಾರಿ ಬಿಟ್ಟಿರಲಿಲ್ಲ. ಸದ್ಯಕ್ಕೆ ಅವನ ಕಣ್ಣು ಇದ್ದದ್ದು ಚನ್ನಬಸವರಾಜನ ಮೇಲೆ.

ಯಾಕೆಂದರೆ ಅಮರೇಶನ ಫೈಲಿನಲ್ಲಿ ಪಂಪ್ ಮನೆಯ ಒಂದು ಫೋಟೋ ಇತ್ತು. ಗವಿಸಿದ್ದಪ್ಪ ಕೊರಳಲ್ಲಿ ಹಾಕಿಕೊಳ್ಳುತ್ತಿದ್ದ ಬೆಳ್ಳಿ ಕರಡಿಗೆ ಬಾಯಿ ತೆರೆದು ಹೆಣದ ಪಕ್ಕದಲ್ಲಿ ಬಿದ್ದಿತ್ತು. ಅದರೊಳಗಿನ ಇಷ್ಟಲಿಂಗ ಅವನ ಎಡ ಅಂಗೈಯಲ್ಲಿತ್ತು, ಬೆರಳುಗಳು ಅದರ ಮೇಲೆ ಒಂದೊಂದಾಗಿ ಮಡಿಚಿದ್ದವು. ಕರಡಿಗೆಯ ಶಿವದಾರವನ್ನು ಉಂಗುರ ಬೆರಳಿಗೆ ಮೂರು ಸುತ್ತು ಸುತ್ತಲಾಗಿತ್ತು.

ಸತ್ತವರನ್ನು ಕೂರಿಸಿ ಮಣ್ಣು ಮಾಡುವಾಗ ಎಡಗೈಯಲ್ಲಿ ಲಿಂಗ ಇಡುವುದು ಈ ಮನೆಗಳ ಪದ್ಧತಿ. ಅಮರೇಶ್ ತನ್ನ ತಂದೆಯನ್ನು ಕುರುಗೋಡಿನಲ್ಲಿ ಹಾಗೇ ಕಳಿಸಿಕೊಟ್ಟಿದ್ದ. ಕೊಂದವರು ಓಡಿಹೋಗುವ ಬದಲು ಕೂತು ಇಷ್ಟು ಮಾಡಿದ್ದರೆಂದರೆ, ಮಾಡದೆ ಏಳಲು ಅವರಿಗೆ ಮನಸ್ಸು ಬರಲಿಲ್ಲ. ಹೊರಗಿನವರು ಮಾಡುವ ತಪ್ಪಲ್ಲ ಅದು. ಆದರೆ ಆ ಮೂರು ಸುತ್ತಿನ ದಾರ ಯಾರ ಪದ್ಧತಿ? ಸಿರುಗುಪ್ಪದಲ್ಲಿ ಮೂವರು ಹಿರಿಯರನ್ನು ಕೇಳಿದ್ದ. ನಾವು ಕಂಡಿಲ್ಲ ಎಂದಿದ್ದರು ಮೂವರೂ.

ಜೈಲಿನಲ್ಲಿದ್ದವನು ಮಾತ್ರ ಟ್ರ್ಯಾಕ್ಟರ್ ಡ್ರೈವರ್ ಓಬಳೇಶ. ಸ್ಪ್ಯಾನರ್ ಅವನದು, ಅಂಗಿಯ ಮೇಲಿನ ರಕ್ತ ಗವಿಸಿದ್ದಪ್ಪನದು. ಸುವರ್ಣಮ್ಮನವರನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದವನೂ ಅವನೇ. ಪಂಪ್ ಮನೆಯಿಂದ ಯಾರೋ ಕೂಗಿ ಕರೆದರು ಅನ್ನುತ್ತಾನೆ. ಯಾರು ಎಂದರೆ ನೆಲ ನೋಡುತ್ತಾನೆ. ಲಿಂಗ ಯಾವ ಕೈಯಲ್ಲಿಡಬೇಕು ಎನ್ನುವುದು ಅವನಿಗೆ ಗೊತ್ತಿರುವ ಸಂಗತಿಯೇ ಅಲ್ಲ. ಇದು ಅಮರೇಶನಿಗೆ ಹೊಳೆದದ್ದು ಅವನಿಗೆ ಬೇಡಿ ಹಾಕಿಸಿ ಎರಡು ತಿಂಗಳಾದ ಮೇಲೆ. ಸೋಮವಾರ ಚಾರ್ಜ್‌ಶೀಟ್ ಹೋಗಬೇಕು. ಓಬಳೇಶನ ಹೆಂಡತಿ ಜಡೆಮ್ಮ ದಿನವೂ ಠಾಣೆಯ ಬೇವಿನ ಮರದ ಕೆಳಗೆ ಬಂದು ಕೂರುತ್ತಾಳೆ. ಬೈಯುವುದಿಲ್ಲ, ಬೇಡುವುದಿಲ್ಲ, ಬರೀ ನೋಡುತ್ತಾಳೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

*

ಚನ್ನಬಸವರಾಜನನ್ನು ಪಡಸಾಲೆಯಲ್ಲಿ ಕೂರಿಸಿ, ಅಮರೇಶ್ ಚೀಲದಿಂದ ಎರಡು ವಸ್ತು ತೆಗೆದು ಟೀಪಾಯಿಯ ಮೇಲಿಟ್ಟ. ಒಂದು ಗವಿಸಿದ್ದಪ್ಪನ ಕರಡಿಗೆ. ಇನ್ನೊಂದು ಆ ದಾರ. ಲಿಂಗ ಅವನ ಜೊತೆಗೇ ಮಣ್ಣು ಸೇರಿತ್ತು. ಇವೆರಡು ಠಾಣೆಯಲ್ಲಿ ಸಾಕ್ಷ್ಯದ ವಸ್ತು ಇಡುವ ಮುದ್ದೆಮಾಲಿನ ಕಪಾಟಿನಲ್ಲಿದ್ದವು. ಬೆಳಗ್ಗೆ ಸಹಿ ಹಾಕಿ ತಂದಿದ್ದ.

ಬ್ರೂಸ್‌ಪೇಟೆಯಲ್ಲಿ ಬೀಜದ ಅಂಗಡಿ ಇಟ್ಟಿದ್ದ ಆ ದಪ್ಪ ಮನುಷ್ಯ ಅಣ್ಣನ ಕರಡಿಗೆ ನೋಡಿ ಎರಡೂ ಕೈ ತೊಡೆಯ ಕೆಳಗೆ ಇಟ್ಟುಕೊಂಡ. ಸಿರುಗುಪ್ಪದ ರೈಸ್ ಮಿಲ್ ಭಾಗವಾದ ದಿನದಿಂದ, ನಾಲ್ಕು ವರ್ಷ, ಅಣ್ಣತಮ್ಮಂದಿರಿಗೆ ಮಾತಿರಲಿಲ್ಲ. ಎದುರಿಗೆ ಬಂದರೆ ಒಬ್ಬರು ರಸ್ತೆ ದಾಟುತ್ತಿದ್ದರು.

"ಯಜಮಾನ್ರ, ಇದನ್ನ ಮಾಡಿದವರು ನಿಮ್ಮ ಮನಿಯವರ. ಅಕ್ಕೋರು ಮನ್ಯಾಗ ಎಲ್ಲರ ಕೈಯಾಗಿಂದ ಕುಡೀತಾರ. ನಿಮ್ಮನ್ನ ಕಂಡ್ರ ನಡುಗ್ತಾರ. ಅತ್ತಿಗಿಗೆ ಏನ್ ಮಾಡೀರಿ?"

ಚನ್ನಬಸವರಾಜ ಬಾಗಿಲ ಕಡೆ ಮುಖ ತಿರುಗಿಸಿದ. ಆಮೇಲೆ ಹೊರಗಿನ ಗೇಟಿಗೆ ಹೇಳಿದಂತೆ ಹೇಳಿದ.

"ಹೇಳೀನಿ."

"ಏನ್ ಹೇಳೀರಿ?"

"ಅಣ್ಣ ಸತ್ತಾನಂತ ಹೇಳೀನಿ ಸಾಹೇಬ್ರ. ಪ್ರತಿ ಐತವಾರ. ಐಶು ಸಂತಿಗೆ ಹೋದಾಗ ಬಂದು. ಹನ್ನೊಂದು ಸಲ."

ಅಮರೇಶನಿಗೆ ಕೈ ಎತ್ತಿಬಿಡಬೇಕು ಎನಿಸಿತು. ಕುರ್ಚಿಯ ಹಿಡಿ ಬಿಗಿಯಾಗಿ ಹಿಡಿದುಕೊಂಡ. "ಯಾಕ?"

"ನನಗ ಅಳಾಕ ಜಾಗ ಇದ್ದಿಲ್ರೀ." ತೊಡೆಯ ಕೆಳಗಿನ ಕೈ ತೆಗೆದು ಕಣ್ಣೊತ್ತಿಕೊಂಡ. "ನಾಕು ವರ್ಷ ಮಾತಾಡಿಲ್ಲ ನಾನು. ಮಣ್ಣು ಮಾಡೋ ದಿನ ಅಳಾಕ ಹೋದ್ರ, ಈಗ ಅಳ್ತಾನ ನೋಡು ಅಂದ್ರು ಜನ. ಮನ್ಯಾಗ ನನ್ನ ಹೆಂಡ್ತಿನೂ ಅದನ್ನ ಅಂದ್ಲು. ಅತ್ತಿಗಿಗೆ ಮಾತ್ರ ನಮ್ಮ ಜಗಳ ಬಿಟ್ಟು ಹಳೇದಷ್ಟ ನೆನಪೈತಿ. ಅಣ್ಣ ಹೋದ ಅಂದ ಕೂಡ್ಲೆ ನನ್ನ ತಲಿ ತೊಡಿ ಮ್ಯಾಲ ಇಟ್ಕೊಂಡು ಅಳ್ತಾಳ. ಆಕಿ ಜೋಡಿ ನಾನೂ ಅಳ್ತಿದ್ನಿ. ಹತ್ತು ನಿಮಿಷಕ್ಕ ಆಕಿ ಮರೀತಾಳ. ನನಗೊಂದು ವಾರ ಉಸಿರಾಡಾಕ ಆಗ್ತಿತ್ತು."

ಹೊನ್ನೂರಮ್ಮನನ್ನು ಕರೆದು ಕೇಳಿದ್ದಕ್ಕೆ ಅವಳು ತಲೆ ತಗ್ಗಿಸಿ ಒಪ್ಪಿಕೊಂಡಳು. ಮೊದಲ ಮೂರು ಐತವಾರ ಅಮ್ಮಾರು ಮೈದುನನನ್ನು ನಗುತ್ತಲೇ ಒಳಗೆ ಕರೆದಿದ್ದರಂತೆ. ನಾಲ್ಕನೆಯ ವಾರದಿಂದ ಅವನ ಚಪ್ಪಲಿಯ ಸಪ್ಪಳ ಕೇಳಿದರೆ ಸಾಕು, ಯಾಕೆಂದು ತಿಳಿಯದೆ ನಡುಗುವುದು ಶುರುವಾಯಿತಂತೆ. ಅಳುವುದು ನೋಡಿ ಅವಳಿಗೂ ಸಂಕಟವಾಗಿ ಯಾರಿಗೂ ಹೇಳಿರಲಿಲ್ಲ.

ಅಂದರೆ ಬಾದಾಮಿಯಷ್ಟಿದ್ದ ಆ ಭಾಗ ಸುಳ್ಳು ಹೇಳಿರಲಿಲ್ಲ. ಅದು ಹೆದರಿದ್ದು ಕೊಲೆಗಾರನಿಗಲ್ಲ, ಕೆಟ್ಟ ಸುದ್ದಿ ತರುವವನಿಗೆ. ಅಮರೇಶನ ಬಳಿ ಇದ್ದ ಒಂದೇ ಒಂದು ಪುರಾವೆ, ಅಣ್ಣನನ್ನು ಕಳೆದುಕೊಂಡ ತಮ್ಮನ ಅಳುವಾಗಿ ಕಣ್ಣೆದುರಿಗೇ ಕರಗಿಹೋಯಿತು.

"ಇನ್ನ ಬರಬ್ಯಾಡ್ರಿ ಐತವಾರ," ಎಂದಷ್ಟೇ ಹೇಳಿದ. ಗೇಟಿನ ತನಕ ಹೋಗಿ ಅವನನ್ನು ಆಟೋ ಹತ್ತಿಸಿದ. ಆ ದಪ್ಪ ಮನುಷ್ಯ ಆಟೋದೊಳಗೆ ಮುಖ ಮುಚ್ಚಿಕೊಂಡು ಕೂತದ್ದು ನೋಡಿ, ನಿಂತಲ್ಲೇ ಎರಡು ನಿಮಿಷ ನಿಂತ.

ಆ ಎರಡು ನಿಮಿಷದಲ್ಲೇ ಅವನ ತಪ್ಪು ನಡೆದುಹೋಯಿತು. ಲಿಂಗ ಕಟ್ಟುವ ಮನೆಯಲ್ಲಿ ಹುಟ್ಟಿದವನು ಮಾಡಬಾರದ ತಪ್ಪು.

*

ತಿರುಗಿ ಬಂದಾಗ ಸುವರ್ಣಮ್ಮ ಪಡಸಾಲೆಯಲ್ಲಿ ಟೀಪಾಯಿಯ ಮುಂದೆ ನಿಂತಿದ್ದರು. ಕೈಯಲ್ಲಿ ಬೆಳ್ಳಿ ಕರಡಿಗೆ ಇತ್ತು. ಒಳಗೆ ಅಡುಗೆಮನೆಯಲ್ಲಿ ಐಶ್ವರ್ಯ ಸಾರಿಗೆ ಒಗ್ಗರಣೆ ಕೊಡುವ ಸದ್ದು ಬರುತ್ತಿತ್ತು.

"ಅಮರೇಶಾ, ಯಾವಾಗ ಬಂದಿ? ಇದು ಇವರ ಕರಡಿಗಿ. ಇಲ್ಲಿ ಯಾಕೈತಿ?"

ಅಮರೇಶ್ ಅದನ್ನು ತೆಗೆದುಕೊಳ್ಳಲು ಕೈ ಚಾಚಿದ, ಅವರು ಕೊಡಲಿಲ್ಲ.

"ಸ್ನಾನಕ್ಕ ಹೋದ್ರೂ ಇವರು ಇದನ್ನ ಕೊಳ್ಳಾಗಿಂದ ತಗಿಯಂಗಿಲ್ಲ. ಇದನ್ನ ಬಿಟ್ಟು ಸಿರುಗುಪ್ಪಕ್ಕ ಹೆಂಗ ಹೋಗ್ತಾರ?" ಅವರು ಮುಚ್ಚಳ ತೆರೆದು ಒಳಗೆ ನೋಡಿದರು. ಖಾಲಿ. ಬೆರಳು ಹಾಕಿ ಸವರಿದರು. ಎಂಬತ್ತು ದಿನದಿಂದ ಮಗಳು ಕಟ್ಟಿದ್ದ ಸುಳ್ಳನ್ನು ಆ ಖಾಲಿ ಕರಡಿಗೆ ಒಂದೇ ಸಲಕ್ಕೆ ಕೆಡವಿತು. ಉಸಿರಿರುವ ಗಂಡಸಿನ ಕರಡಿಗೆ ಖಾಲಿ ಇರುವುದಿಲ್ಲ. ಅದನ್ನು ತಿಳಿಯಲು ಅವರಿಗೆ ಹೊಸ ನೆನಪು ಬೇಕಾಗಿರಲಿಲ್ಲ.

"ಹೋದ್ರೇನು?" ಎಂದು ಕೇಳಿದರು.

ಅಮರೇಶ್ ತಲೆ ತಗ್ಗಿಸಿದ. ಅವನಿಗೆ ಆ ಕ್ಷಣ ಅಕ್ಕೋರ ಮುಂದೆ ಲೆಕ್ಕ ತಪ್ಪಿ ನಿಂತ ಮೂರನೇ ಕ್ಲಾಸಿನ ಹುಡುಗನಿಗಿಂತ ಹೆಚ್ಚಿನ ಧೈರ್ಯ ಇರಲಿಲ್ಲ.

ಅವರು ಅಳಲಿಲ್ಲ. ಅವನ ಎಡಗೈ ಹಿಡಿದು ಎಳೆದು ಕೂರಿಸಿ, ತಾವೂ ಎದುರಿಗೆ ನೆಲದ ಮೇಲೆ ಕೂತರು. ಕಣ್ಣು ಎಲ್ಲಿಯೋ ನೆಟ್ಟಿತ್ತು, ಆದರೆ ಕೈಗಳು ಚುರುಕಾಗಿದ್ದವು. ಅವನ ಅಂಗೈ ಬಿಡಿಸಿದರು. ಖಾಲಿ ಕರಡಿಗೆಯನ್ನು ಅದರಲ್ಲಿಟ್ಟರು. ಕಿರುಬೆರಳಿನಿಂದ ಶುರುಮಾಡಿ ಒಂದೊಂದೇ ಬೆರಳು ಮಡಿಚಿದರು. ಟೀಪಾಯಿಯ ಮೇಲಿನ ದಾರ ತೆಗೆದುಕೊಂಡು ಉಂಗುರ ಬೆರಳಿಗೆ ಸುತ್ತತೊಡಗಿದರು.

ಒಂದು. ಎರಡು. ಮೂರು.

"ನಮ್ಮವ್ವ ಹಿಂಗ ಸುತ್ತತಿದ್ಲು," ಎಂದರು ತಮ್ಮಷ್ಟಕ್ಕೆ. "ಜಾರಬಾರದು ಅಂತ."

ಅಮರೇಶನಿಗೆ ತನ್ನ ಕೈ ತನ್ನದಲ್ಲ ಎನಿಸಿತು. ಸಿರುಗುಪ್ಪದಲ್ಲಿ ಕೇಳಿ ಸುಸ್ತಾಗಿದ್ದ ಪ್ರಶ್ನೆಗೆ ಉತ್ತರ ಅವನ ಸ್ವಂತ ಊರಿನಲ್ಲೇ, ಅಕ್ಕೋರ ತವರಿನಲ್ಲಿತ್ತು. ಪೆಟ್ಟು ಬಿದ್ದವರು ಅರ್ಧ ಗಂಟೆ ಓಡಾಡಿಕೊಂಡಿರುತ್ತಾರೆ ಎಂದಿದ್ದರು ಡಾಕ್ಟರ್. ಆ ಅರ್ಧ ಗಂಟೆಯಲ್ಲಿ ಈ ಹೆಂಗಸು ಒಡೆದ ತಲೆಯನ್ನು ಹೊತ್ತುಕೊಂಡೇ ಗಂಡನ ಕೊನೆಯ ಕೆಲಸ ಮಾಡಿ ಮುಗಿಸಿದ್ದರು. ಅವನ ಕಣ್ಣು ತುಂಬಿತು, ಒರೆಸಿಕೊಳ್ಳಲು ಆ ಕೈ ಬಿಡಿಸಿಕೊಳ್ಳಲಿಲ್ಲ.

ಆಗ ಸುವರ್ಣಮ್ಮ ತಲೆ ಎತ್ತದೆ, ಪಕ್ಕದಲ್ಲಿ ಕೂತವರಿಗೆ ಹೇಳುವ ಹಾಗೆ ಮೆತ್ತಗೆ ಹೇಳಿದರು.

"ಐಶೂ, ಅಪ್ಪನ ತಲಿ ಒಂಚೂರು ಎತ್ತಿ ಹಿಡಿಯವ್ವ. ಅಳಬ್ಯಾಡ. ಓಬಳೇಶ್ನ ಕೂಗು."

ಅಡುಗೆಮನೆಯ ಸದ್ದು ನಿಂತಿತು.

ಐಶ್ವರ್ಯ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಸೌಟು. ಜ್ವರ ಬಂದು ಬಳ್ಳಾರಿಯಲ್ಲಿ ಮಲಗಿದ್ದ ಮಗಳು. ಮಲ್ಲಿಗೆ ತೋರಿಸುವ ಮಗಳು. ಓಬಳೇಶ ಯಾರ ಹೆಸರು ಹೇಳಲಾರದೆ ನೆಲ ನೋಡುತ್ತಿದ್ದ ಎನ್ನುವುದು ಅಮರೇಶನಿಗೆ ಈಗ ತಿಳಿಯಿತು. ತಾಯಿಯ ಕೈ ಅವಳನ್ನು ತೋರಿಸಿಕೊಟ್ಟಿತ್ತು, ಅದೂ ಪ್ರೀತಿಯಿಂದ, ತಾನು ಏನು ಮಾಡಿದೆನೆಂದು ಗೊತ್ತೇ ಇಲ್ಲದೆ.

ಐಶ್ವರ್ಯ ಓಡಲಿಲ್ಲ. ಸೌಟು ಕೆಳಗಿಟ್ಟು ಬಂದು ತಾಯಿಯ ಹಿಂದೆ ಮೊಣಕಾಲೂರಿ ಕೂತಳು. ಅವಳ ಮುಖದಲ್ಲಿ ಹೆದರಿಕೆ ಇರಲಿಲ್ಲ, ಎಂಬತ್ತು ದಿನದ ನಿದ್ದೆಗೇಡು ಇತ್ತು. ತಾಯಿಯ ತಲೆಯ ಮೇಲಿಂದ ಅಮರೇಶನನ್ನು ನೋಡಿ, ಕೇಳಿಸಿತೋ ಇಲ್ಲವೋ ಎನ್ನುವಷ್ಟು ಸಣ್ಣ ದನಿಯಲ್ಲಿ ಹೇಳಿದಳು.

"ಯಾರು ಹೊಡದ್ರು ಅಂತ ಕೇಳಬ್ಯಾಡ್ರಿ ಸರ್. ನಾನ ಅಂತ ಬರ್ಕೊಳ್ರಿ."

"ಅಂದ್ರ ನೀನಲ್ಲ."

"ಬರ್ಕೊಳ್ರಿ," ಎಂದಳು ಅವಳು ಮತ್ತೆ. ಅವಳ ಎರಡೂ ಕೈ ತಾಯಿಯ ಕಿವಿಯ ಮೇಲಿದ್ದವು. ಕೂದಲು ಸರಿಮಾಡುತ್ತಿದ್ದಾಳೆ ಎಂದುಕೊಂಡಿದ್ದ ಅಮರೇಶ್. ಅಲ್ಲ, ಅವಳು ಕಿವಿ ಮುಚ್ಚಿದ್ದಳು. ಪಂಪ್ ಮನೆಯಲ್ಲಿ ಇದ್ದವರು ಮೂರೇ ಜನ. ಒಬ್ಬನು ಸತ್ತಿದ್ದ. ಒಬ್ಬಳು ತಾನಲ್ಲದೆ ತಾನೇ ಎನ್ನುತ್ತಿದ್ದಳು. ಉಳಿದವರು ಎದುರಿಗೆ ಕೂತು ಅವನ ಎಡಗೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ಮೊದಲು ಗಂಡ ಅವರ ತಲೆಗೆ ಹೊಡೆದಿರಬೇಕು, ಆಮೇಲೆ ಈ ಕೈ ಸ್ಪ್ಯಾನರ್ ಎತ್ತಿರಬೇಕು.

ಜಡೆಮ್ಮ ಈಗ ಬೇವಿನ ಮರದ ಕೆಳಗೆ ಕೂತಿರುತ್ತಾಳೆ. ಓಬಳೇಶನನ್ನು ಬಿಡಿಸಬೇಕಾದರೆ ಈ ಮನೆಯಿಂದ ಒಬ್ಬರನ್ನು ಕರೆದೊಯ್ಯಲೇಬೇಕು. ಯಾರನ್ನು ಎಂದು ಯೋಚಿಸಲು ಅವನಿಗೆ ಧೈರ್ಯ ಬರಲಿಲ್ಲ.

ಸುವರ್ಣಮ್ಮ ಕಣ್ಣು ಮಿಟುಕಿಸಿದರು. ನೀರಿನ ಮೇಲಿನ ಸುಳಿ ಮುಚ್ಚಿಕೊಂಡ ಹಾಗೆ ಅವರ ಮುಖ ತಿಳಿಯಾಯಿತು. ತಮ್ಮ ಕೈಯೊಳಗಿನ ಕೈ ನೋಡಿದರು, ಅದಕ್ಕೆ ಸುತ್ತಿದ ದಾರ ನೋಡಿದರು, ಆಮೇಲೆ ಅವನ ಮುಖ ನೋಡಿ ನಕ್ಕರು.

"ಅಮರೇಶಾ. ಯಾವಾಗ ಬಂದೆಲೇ? ಕೈಗೆ ಏನ್ ಆಗೈತಿ? ಅಳ್ತೀಯಾಕ, ಮಗ್ಗಿ ಬರಂಗಿಲ್ಲೇನು?"

ಅವನು ಇನ್ನೊಂದು ಕೈಯಿಂದ ಕಣ್ಣೊರೆಸಿಕೊಂಡ.

ಐಶ್ವರ್ಯ ಎದ್ದಳು. ಅಮ್ಮನಿಗೆ ಎರಡು ತುತ್ತು ಉಣಿಸಿ ಬರುತ್ತೇನೆ, ಅಷ್ಟು ತಡೆಯಿರಿ ಎಂದು ಅವನನ್ನು ಕೇಳಿದಳು. ಗೂಟಕ್ಕೆ ನೇತುಹಾಕಿದ್ದ ತನ್ನ ದುಪಟ್ಟಾ ತೆಗೆದು ಹೆಗಲಿಗೆ ಹಾಕಿಕೊಂಡಳು. ತಾಯಿ ಅದನ್ನು ನೋಡಿದರು.

"ಎಲ್ಲಿಗೆ ಹೊಂಟೀ ಐಶೂ?"

ಐಶ್ವರ್ಯ ಮಲ್ಲಿಗೆ ತೋರಿಸಲಿಲ್ಲ. ತಾಯಿಯ ಗಲ್ಲ ಸವರಿ, ಎಂಬತ್ತು ದಿನದಿಂದ ಹೇಳಿ ಸವೆದ ಮಾತನ್ನೇ ಹೇಳಿದಳು.

"ಸಿರುಗುಪ್ಪಕ್ಕಮ್ಮ. ಸಂಜಿಗೆ ಬರ್ತೀನಿ."

"ಹೌದೇನು," ಎಂದರು ಸುವರ್ಣಮ್ಮ. "ಹಂಗಾರ ಬರೋವಾಗ ಅಪ್ಪನ್ನೂ ಕರ್ಕೊಂಡು ಬಾರವ್ವ."